ಫ್ರಾನ್ಸೆಸ್ಕಾ ವುಡ್‌ಮನ್ ಅವರ ಚಿತ್ರಗಳ ಎದುರು ನಿಂತಾಗ

ಪ್ರವಾಸದ ನಡುವೆ ಯಾವುದಾದರೂ ಕಲಾ ಸಂಗ್ರಹಾಲಯದಲ್ಲಿ ಅಮೆರಿಕದ ಛಾಯಾಗ್ರಾಹಕಿ ಫ್ರಾನ್ಸೆಸ್ಕಾ ವುಡ್‌ಮನ್ (1958–1981) ತಮ್ಮನ್ನೇ ತಾವು ತೆಗೆದುಕೊಂಡ ಕಪ್ಪು-ಬಿಳುಪು ಚಿತ್ರಗಳು ಕಣ್ಣಿಗೆ ಬಿದ್ದರೆ, ಗೋಡೆಯ ಮೇಲಿನ ಪರಿಚಯ ಫಲಕವನ್ನು ಕೊನೆಗೆ ಓದಿ. 22ನೆಯ ವಯಸ್ಸಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರೆಂದು ಮೊದಲೇ ತಿಳಿದವರಿಗೆ ಪ್ರತಿ ಚಿತ್ರವೂ ಸಾವಿನ ಮುನ್ಸೂಚನೆಯಾಗಿಯೇ ಕಾಣತೊಡಗುತ್ತದೆ. (ನಾನೇ ಅದನ್ನು ಹೇಳಿಬಿಟ್ಟೆ, ಸಾಧ್ಯವಾದರೆ ಮರೆತುಬಿಡಿ.)

ಬೆಳಕಿಗೆ ಛಾಯಾಚಿತ್ರಗಳು ಮಾಸುವುದರಿಂದ ಸಂಗ್ರಹಾಲಯಗಳು ಅವನ್ನು ಕೆಲವು ತಿಂಗಳು ಮಾತ್ರ ತೂಗುಹಾಕಿ ಮತ್ತೆ ಒಳಗಿಡುತ್ತವೆ. ಬ್ರಿಟನ್ನಿನ ಟೇಟ್ ಕಲಾ ಸಂಗ್ರಹಾಲಯ ಮತ್ತು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಜಂಟಿ ಸಂಗ್ರಹದಲ್ಲಿ ಇವರ ಚಿತ್ರಗಳಿದ್ದರೂ, ಈಗ ಪ್ರದರ್ಶನದಲ್ಲಿವೆಯೇ ಎಂದು ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಅನೇಕ ಚಿತ್ರಗಳು ಅಂಗೈಗಿಂತ ಸ್ವಲ್ಪವೇ ದೊಡ್ಡವು. ಕೋಣೆಯ ನಡುವೆ ನಿಂತರೆ ಬೂದು ಬಣ್ಣದ ಚೌಕವಷ್ಟೇ ಕಾಣುತ್ತದೆ. ಒಂದು ಮೊಳದಷ್ಟು ಹತ್ತಿರ ಹೋಗಿ, ಗಾಜಿನಲ್ಲಿ ನಿಮ್ಮದೇ ಮುಖ ಅಡ್ಡ ಬಂದರೆ ತುಸು ಪಕ್ಕಕ್ಕೆ ಸರಿಯಿರಿ.

ಆಮೇಲೆ ಯಾವುದು ಮಸುಕು, ಯಾವುದು ಸ್ಪಷ್ಟ ಎಂಬುದನ್ನು ಮಾತ್ರ ಗಮನಿಸಿ. 1976ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಪಾಳುಮನೆಯೊಂದರಲ್ಲಿ ತೆಗೆದ 'ಹೌಸ್' ಸರಣಿಯ ಮೂರನೆಯ ಚಿತ್ರದಲ್ಲಿ ಕಿಟಕಿ, ಗೋಡೆ, ನೆಲದ ಕಸ ಎಲ್ಲವೂ ಖಚಿತವಾಗಿದ್ದು, ಕಿಟಕಿಯ ಕೆಳಗೆ ಮುದುಡಿದ ದೇಹವೊಂದೇ ಹೊಗೆಯಂತೆ ಕದಡಿದೆ. ಇದು ದೆವ್ವದ ಆಟವಲ್ಲ. ಕ್ಯಾಮೆರಾ ಅಲುಗದೆ ನಿಂತು, ಬೆಳಕನ್ನು ಒಳಬಿಡುವ ಅದರ ಶಟರ್ ಹೆಚ್ಚು ಹೊತ್ತು ತೆರೆದಿದ್ದಾಗ, ಕದಲದ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ, ಕದಲಿದ ಮನುಷ್ಯರು ತಾವಿದ್ದ ಜಾಗಗಳಲ್ಲೆಲ್ಲ ತೆಳುವಾಗಿ ಹರಡಿಹೋಗುತ್ತಾರೆ. ಯಾವ ಅಂಗ ಎತ್ತ ಸರಿಯಿತೆಂದು ಆ ಮಸುಕಿನ ಜಾಡು ಹಿಡಿಯಿರಿ: ಅಸಹಾಯಕಳಂತೆ ಕಂಡ ಆಕೃತಿಯ ಹಿಂದೆ, ಎಷ್ಟು ಹೊತ್ತು, ಎಷ್ಟು ವೇಗವಾಗಿ ಅಲುಗಬೇಕೆಂದು ಲೆಕ್ಕ ಹಾಕಿದ, 13ನೆಯ ವಯಸ್ಸಿನಿಂದಲೇ ತನ್ನನ್ನು ಚಿತ್ರಿಸಿಕೊಳ್ಳುತ್ತಿದ್ದ ಕುಶಲಿಯೊಬ್ಬರು ಕಾಣುತ್ತಾರೆ.

ಅವರ ತುಂಟತನವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಸಾಲಾಗಿ ನಿಂತ ಮೂವರು ಬೆತ್ತಲೆ ಹೆಂಗಸರು ಫ್ರಾನ್ಸೆಸ್ಕಾ ಅವರ ಮುಖದ ಫೋಟೊವನ್ನೇ ತಮ್ಮ ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ಅದು ಸಿಕ್ಕರೆ ಮೂವರಲ್ಲಿ ಅವರು ಯಾರೆಂದು ಊಹಿಸಿ, ನಂತರ ಫಲಕವನ್ನು ಓದಿ, ಕಿಟಕಿಯ ಚಿತ್ರದ ಬಳಿಗೆ ಇನ್ನೊಮ್ಮೆ ಹೋಗಿ ಬನ್ನಿ.