ಡೆಮೊ ಜನವರಿಯಲ್ಲಿ ಬೇಡ, ಜುಲೈಯಲ್ಲಿ ಕೇಳಿ: ಅಂಗಡಿ ಲೆಕ್ಕಕ್ಕೆ ಬ್ಯಾಕಪ್, ವರ್ಚುವಲ್ ಡೆಸ್ಕ್‌ಟಾಪ್ ಆರಿಸುವುದು ಹೇಗೆ?

ಏಪ್ರಿಲ್‌ನಲ್ಲಿ ಸಿಡಿಲಿನ ಕರೆ, ಜುಲೈಯಲ್ಲಿ ಕರೆಂಟಿನ ಕರೆ. ಮಡಿಕೇರಿಯಿಂದ ಗೋಣಿಕೊಪ್ಪಲಿನವರೆಗೆ ಕಾಫಿ ವ್ಯಾಪಾರಿಗಳು, ಹೋಮ್‌ಸ್ಟೇಗಳು, ಹಾರ್ಡ್‌ವೇರ್ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ವರ್ಷ ಹೀಗೇ ಕಳೆಯುತ್ತದೆ. ಫೋನಿನ ಮಾತು ಮಾತ್ರ ಬದಲಾಗುವುದಿಲ್ಲ.

"ಕಂಪ್ಯೂಟರ್ ಸತ್ತೇಹೋಯ್ತು. ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇತ್ತು."

"ಬ್ಯಾಕಪ್ ಇದೆಯಾ?"

"ಇದೆಯಲ್ಲ, ಪೆನ್‌ಡ್ರೈವ್‌ನಲ್ಲಿದೆ."

"ಪೆನ್‌ಡ್ರೈವ್ ಎಲ್ಲಿ?"

"ಅದೇ ಕಂಪ್ಯೂಟರ್‌ಗೆ ಚುಚ್ಚಿದೆ."

ಈಗ ಇನ್ನೊಂದು ಸೇರಿಕೊಂಡಿದೆ. "ಎಲ್ಲಾ ಕ್ಲೌಡ್‌ಗೆ ಹಾಕಿಬಿಡಿ, ಕಂಪ್ಯೂಟರ್‌ನ ಚಿಂತೆಯೇ ಬೇಡ" ಎಂದು ವರ್ಚುವಲ್ ಡೆಸ್ಕ್‌ಟಾಪ್, ಅಂದರೆ ದೂರದ ಊರಲ್ಲಿ ಓಡುವ, ಇಂಟರ್ನೆಟ್ ಮೂಲಕ ಬಳಸುವ ಕಂಪ್ಯೂಟರ್ ಮಾರುವವರು ಬರುತ್ತಾರೆ. ಜನ ಅದನ್ನು ಮೊದಲು ಕೊಂಡು, ಬ್ಯಾಕಪ್ ಆಮೇಲೆ ನೋಡೋಣ ಅನ್ನುತ್ತಾರೆ. ನನ್ನ ಪ್ರಕಾರ ಇದು ಪೂರಾ ತಿರುವುಮುರುವು. ಮೊದಲು ಬ್ಯಾಕಪ್. ಅದು ಸರಿಯಾದ ಮೇಲೆ, ಬೇಕಿದ್ದರೆ ಮಾತ್ರ, ಡೆಸ್ಕ್‌ಟಾಪ್.

ಹೆಜ್ಜೆ 1: ಎರಡು ಪ್ರಶ್ನೆ

ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಕಂಪ್ಯೂಟರ್ ಹೋದ ಮೇಲೆ ಎಷ್ಟು ಹೊತ್ತಿನಲ್ಲಿ ಮತ್ತೆ ಬಿಲ್ ಹೊಡೆಯಬೇಕು? ಫೆಬ್ರವರಿಯಲ್ಲಿ ರೊಬಸ್ಟಾ ಚೆರ್ರಿ ಖರೀದಿ ಜೋರಿರುವಾಗ ಅರ್ಧ ದಿನದ ತೂಕದ ಚೀಟಿ, ಬೆಳೆಗಾರರಿಗೆ ಕೊಟ್ಟ ಮುಂಗಡದ ಲೆಕ್ಕ ಹೋದರೂ ಜಗಳ ಗ್ಯಾರಂಟಿ. ಅದೇ ಅಂಗಡಿಗೆ ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಎರಡು ದಿನ ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ. ಸೀಸನ್ ನೋಡಿ ಉತ್ತರ ಬರೆಯಿರಿ.

ಕಾನೂನಿನ ಲೆಕ್ಕವೂ ಇದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಿಮ್ಮದು ಕಂಪನಿಯಾಗಿ ನೋಂದಣಿಯಾಗಿದ್ದರೆ, 2022ರ ತಿದ್ದುಪಡಿಯ ನಂತರ ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನ ಆಗಬೇಕು, ಅದೂ ಭಾರತದಲ್ಲೇ ಇರುವ ಸರ್ವರ್‌ನಲ್ಲಿ. ಸೇವೆ ಕೊಡುವವರನ್ನು ಸರ್ವರ್ ಯಾವ ಊರಲ್ಲಿದೆ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಹೆಜ್ಜೆ 2: ಮೂರು ಪ್ರತಿ, ಬೇರೆ ಬೇರೆ ಗುಡ್ಡ

ಬ್ಯಾಕಪ್‌ನಲ್ಲಿ 3-2-1 ಅಂತ ಹಳೆಯ ಸೂತ್ರವಿದೆ. ಅದನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಮ್ಮಲ್ಲಿ ಎಲ್ಲರೂ ಎಡವುವುದು ಕೊನೆಯದರಲ್ಲಿ. ಅಂಗಡಿ ಮಡಿಕೇರಿಯಲ್ಲಿ, ಮನೆ ಮೂರು ಕಿಲೋಮೀಟರ್ ಆಚೆ, ಹಾರ್ಡ್ ಡಿಸ್ಕ್ ಮನೆಯಲ್ಲಿ, ಇನ್ನೇನು ಭಯ ಅನ್ನುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಕುಸಿಯಿತು, ರಸ್ತೆಗಳು ಕೊಚ್ಚಿಹೋದವು. ಕುಶಾಲನಗರದ ಬಡಾವಣೆಗಳಿಗೆ ಆ ವರ್ಷವೂ ಮರುವರ್ಷವೂ ಕಾವೇರಿ ನುಗ್ಗಿದಳು. ಹಾಗಾಗಿ ಬೇರೆ ಜಾಗ ಎಂದರೆ ಬೇರೆ ಜಿಲ್ಲೆ. ಮೈಸೂರಿನಲ್ಲಿ ಓದುವ ಮಗಳ ರೂಮು ಸಾಕು, ಅಥವಾ ಕ್ಲೌಡ್.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಎರಡೂ ಹೋದವು.

ಕೈಯಲ್ಲಿಡುವ ಪ್ರತಿಗೆ ಎರಡು ಸಾಮಾನ್ಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಅದಲುಬದಲು ಮಾಡಿ. ಕೆಲಸ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ, ಏಕೆಂದರೆ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಸಿಡಿಲೂ ಬಿಡುವುದಿಲ್ಲ. ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು, ಹಾಗಾಗಿ ಗಾಳಿಯಾಡದ ಡಬ್ಬದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ.

ಪೆನ್‌ಡ್ರೈವ್ ಬೇಡ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ 2 ಟಿಬಿ ಪೆನ್‌ಡ್ರೈವ್ ಅಂತೂ ಬೇಡವೇ ಬೇಡ. ಒಳಗಿರುವುದು ಸಣ್ಣ ಚಿಪ್, ಹೊರಗೆ ಸುಳ್ಳು ಲೇಬಲ್. ತುಂಬಿದ ಮೇಲೂ ಫೈಲ್ ಬರೆದಂತೆ ತೋರಿಸುತ್ತದೆ, ತೆರೆದರೆ ಏನೂ ಇರುವುದಿಲ್ಲ. ಆಗಲೇ ಕೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಹಾಕಿ ಪರೀಕ್ಷಿಸಿ, ಬಂಡವಾಳ ಬಯಲಾಗುತ್ತದೆ.

ಹೆಜ್ಜೆ 3: ಬ್ಯಾಕಪ್ ಅಲ್ಲದ್ದನ್ನು ಬ್ಯಾಕಪ್ ಅನ್ನಬೇಡಿ

ಗೂಗಲ್ ಡ್ರೈವ್, ಒನ್‌ಡ್ರೈವ್ ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ. ಒಂದೇ ಡೇಟಾವನ್ನು ಎರಡು ಡಿಸ್ಕಿಗೂ ಬರೆಯುವ ರೇಡ್ ಪೆಟ್ಟಿಗೆ ಒಂದು ಡಿಸ್ಕ್ ಕೆಟ್ಟರೆ ಕಾಯುತ್ತದೆ, ಕೈತಪ್ಪಿ ಅಳಿಸಿದರೆ ಅಲ್ಲ.

ಹೆಜ್ಜೆ 4: ಕ್ಲೌಡ್ ಬ್ಯಾಕಪ್

ಅಪ್‌ಲೋಡ್ ವೇಗ ನೋಡಿ, ಡೌನ್‌ಲೋಡ್ ಅಲ್ಲ. 100 ಜಿಬಿ ಡೇಟಾ 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಹೋಗಲು ಸುಮಾರು 22 ಗಂಟೆ ಬೇಕು, ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ. ಮೊದಲ ಪೂರ್ತಿ ಅಪ್‌ಲೋಡ್ ಅನ್ನು ಬೇಸಿಗೆಯಲ್ಲೇ ಮುಗಿಸಿ. ಆಮೇಲೆ ದಿನದ ಬದಲಾವಣೆ ಮಾತ್ರ ಹೋಗುತ್ತದೆ. ಹಳೆಯ ಆವೃತ್ತಿಗಳು ಕನಿಷ್ಠ 30 ದಿನದವಾದರೂ ಉಳಿಯಬೇಕು. ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವಿದ್ದರೆ ಆನ್ ಮಾಡಿ. ಅತಿ ಅಗ್ಗದ ಆರ್ಕೈವ್ ಪ್ಲಾನ್ ನೋಡಿ ಮರುಳಾಗಬೇಡಿ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಂಥವುಗಳಲ್ಲಿ ಇಡುವುದು ಅಗ್ಗ, ಆದರೆ ವಾಪಸ್ ಕೇಳಿದರೆ ಸಾಮಾನ್ಯವಾಗಿ 12 ಗಂಟೆಯವರೆಗೆ ಕಾಯಬೇಕು, ತೆಗೆಯಲು ಬೇರೆ ದುಡ್ಡು.

ಹೆಜ್ಜೆ 5: ವಾಪಸ್ ತೆಗೆದು ನೋಡುವುದು

ಇಲ್ಲಿಯವರೆಗೆ ಬಂದವರಲ್ಲಿ ಮುಕ್ಕಾಲುಪಾಲು ಜನ ಇಲ್ಲಿ ನಿಂತುಬಿಡುತ್ತಾರೆ. ರಾತ್ರಿ ಹಸಿರು ಟಿಕ್ ಬರುತ್ತದೆ, ಸಾಕು ಅಂದುಕೊಳ್ಳುತ್ತಾರೆ. ಆ ಟಿಕ್ ಹೇಳುವುದು ಏನೋ ಒಂದು ಕಾಪಿ ಆಯಿತು ಅಂತ ಮಾತ್ರ. ಅದು ತೆರೆಯುತ್ತದೆ ಅಂತ ಅಲ್ಲ.

ಒಂದು ಭಾನುವಾರ ಇದಕ್ಕೇ ಇಡಿ. ಅಂಗಡಿಯ ಕಂಪ್ಯೂಟರ್ ಮುಟ್ಟಬೇಡಿ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಎದುರಿಗಿಟ್ಟುಕೊಳ್ಳಿ. ಅಂಗಡಿ ಪೂರಾ ಹೋಗಿದೆ, ಕೈಯಲ್ಲಿರುವುದು ಇದೊಂದೇ ಅಂದುಕೊಳ್ಳಿ. ಗಡಿಯಾರ ನೋಡಿ ಸಮಯ ಬರೆದುಕೊಂಡು ಶುರು ಮಾಡಿ.

ಮೊದಲು ಕ್ಲೌಡ್ ಖಾತೆಗೆ ಲಾಗಿನ್ ಆಗಿ. ಇಲ್ಲೇ ಅರ್ಧ ಜನ ಸಿಕ್ಕಿಬೀಳುತ್ತಾರೆ. ಪಾಸ್‌ವರ್ಡ್ ಆ ಸತ್ತ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಉಳಿದಿರುತ್ತದೆ. ಒಟಿಪಿ ಬರುವುದು ಕೆಲಸ ಬಿಟ್ಟುಹೋದ ಹುಡುಗನ ನಂಬರ್‌ಗೆ. ಅಥವಾ ಮಾಲೀಕರ ನಂಬರ್‌ಗೇ, ಆದರೆ ಅವರು ತೋಟದಲ್ಲಿದ್ದಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಒಟಿಪಿ ಇಲ್ಲದೆಯೂ ಒಳಹೋಗಲು ರಿಕವರಿ ಕೋಡ್‌ಗಳನ್ನು ಕೊಡುತ್ತಾರೆ, ಅವನ್ನು ಪ್ರಿಂಟ್ ತೆಗೆದಿಡಿ.

ಆಮೇಲೆ ಫೈಲ್ ಇಳಿಸಿ, ಹೊಸ ಫೋಲ್ಡರ್‌ಗೆ. ನಡೆಯುತ್ತಿರುವ ಡೇಟಾದ ಫೋಲ್ಡರ್ ಮೇಲೆ ರಿಸ್ಟೋರ್ ಕೊಟ್ಟರೆ ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಸುಮ್ನೆ ಪರೀಕ್ಷೆ ಮಾಡೋಣ ಎಂದು ಹೋಗಿ, ಒಬ್ಬ ವ್ಯಾಪಾರಿಯ ಮೂರು ವಾರದ ಎಂಟ್ರಿ ಅಳಿಸಿ, ನಾಲ್ಕು ರಾತ್ರಿ ಕೂತು ರಸೀದಿ ನೋಡಿ ಮತ್ತೆ ಹೊಡೆದೆ. ಇನ್ನೊಂದು ವಿಷಯ: ಹಳೆಯ ಟ್ಯಾಲಿಯಲ್ಲಿ ಬ್ಯಾಕಪ್ ಫೈಲಿನ ಹೆಸರು ಪ್ರತಿ ಸಲವೂ ಒಂದೇ. ದಿನಕ್ಕೊಂದು ಫೋಲ್ಡರ್ ಮಾಡದಿದ್ದರೆ ನಿಮ್ಮ ಹತ್ತಿರ ಇರುವುದು ನಿನ್ನೆಯದೊಂದೇ. ನಿನ್ನೆಯೇ ಡೇಟಾ ಕೆಟ್ಟಿದ್ದರೆ, ಕೆಟ್ಟದ್ದೇ ಬ್ಯಾಕಪ್ ಆಗಿರುತ್ತದೆ.

ಈಗ ಟ್ಯಾಲಿ ಹಾಕಿ. ಹೊಸ ಆವೃತ್ತಿಯ ಡೇಟಾ ಹಳೆಯ ಟ್ಯಾಲಿಯಲ್ಲಿ ತೆರೆಯುವುದಿಲ್ಲ, ಅದನ್ನು ನೋಡಿಕೊಳ್ಳಿ. ಲೈಸೆನ್ಸ್ ಮತ್ತೆ ಚಾಲೂ ಮಾಡಲು ಸೀರಿಯಲ್ ನಂಬರ್, ಅಡ್ಮಿನ್ ಇಮೇಲ್ ಎರಡೂ ಬೇಕು. ಆ ಇಮೇಲ್ ಯಾರದ್ದು? ಎಷ್ಟೋ ಅಂಗಡಿಗಳಲ್ಲಿ ಅದು ಹತ್ತು ವರ್ಷದ ಹಿಂದೆ ಟ್ಯಾಲಿ ಮಾರಿದವನದು. ಇವತ್ತೇ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಡೇಟಾಕ್ಕೇ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಮರೆತ ದಿನ ಆಟ ಮುಗಿಯಿತು, ಕಂಪನಿಯವರಿಂದಲೂ ತೆಗೆಯಲು ಆಗುವುದಿಲ್ಲ.

ತೆರೆಯಿತಾ? ಖುಷಿಪಡಬೇಡಿ, ತಾಳೆ ನೋಡಿ. ಕೊನೆಯ ವೋಚರ್‌ನ ದಿನಾಂಕ ಯಾವುದು? ಟ್ರಯಲ್ ಬ್ಯಾಲೆನ್ಸ್ ಅಂಗಡಿಯದಕ್ಕೆ ಹೊಂದುತ್ತದಾ? ಮೂರು ಬೆಳೆಗಾರರ ಖಾತೆ ತೆಗೆದು ಬಾಕಿ ಹೋಲಿಸಿ. ನಂತರ ಟ್ಯಾಲಿಯ ಹೊರಗಿನದ್ದು ನೋಡಿ, ಎಲ್ಲರೂ ಮರೆಯುವುದು ಅದನ್ನೇ. ತೂಕದ ಯಂತ್ರದ ಸಾಫ್ಟ್‌ವೇರ್‌ಗೆ ಬೀಗದ ಕೈಯಂತೆ ಚುಚ್ಚುವ ಯುಎಸ್‌ಬಿ ಡಾಂಗಲ್ ಬೇಕಾಗಿರಬಹುದು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಒಪ್ಪಂದ ಪತ್ರಗಳು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೊಜ್ಜಿನಂತೆ ಕಾಣುತ್ತವೆ. ಫಾಂಟ್‌ಗಳನ್ನೂ ಬ್ಯಾಕಪ್‌ಗೆ ಸೇರಿಸಿ.

ಒಂದು ಬಿಲ್ ಪ್ರಿಂಟ್ ತೆಗೆದ ಮೇಲೆ ಗಡಿಯಾರ ನೋಡಿ. ಮೊದಲ ಹೆಜ್ಜೆಯಲ್ಲಿ ನಾಲ್ಕು ಗಂಟೆ ಅಂತ ಬರೆದು ಈಗ ಹನ್ನೊಂದು ಗಂಟೆ ಹಿಡಿದಿದ್ದರೆ ನೀವು ಆರಿಸಿದ ಬ್ಯಾಕಪ್ ನಿಮಗೆ ಸಾಲದು. ವರ್ಷಕ್ಕೆರಡು ಸಲ ಇದನ್ನು ಮಾಡಿ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನವಂತೆ, ಆದರೆ ಅವತ್ತು ಲೆಕ್ಕದವರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಅಲ್ವಾ? ಮೇ ಕೊನೆಯಲ್ಲಿ ಒಮ್ಮೆ, ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬಕ್ಕೆ ಮುಂಚೆ ಒಮ್ಮೆ ಅಂತ ಇಟ್ಟುಕೊಳ್ಳಿ.

ಹೆಜ್ಜೆ 6: ಈಗ ವರ್ಚುವಲ್ ಡೆಸ್ಕ್‌ಟಾಪ್

ನಿಮ್ಮ ಮೇಜಿನ ಮೇಲಿರುವುದು ಬರೀ ಕಿಟಕಿ. ನಿಜವಾದ ಕಂಪ್ಯೂಟರ್ ಮುಂಬೈ, ಪುಣೆ ಅಥವಾ ಹೈದರಾಬಾದಿನಲ್ಲಿ ಓಡುತ್ತಿರುತ್ತದೆ. ಒಂದೇ ಅಂಗಡಿ, ಒಂದೇ ಕಂಪ್ಯೂಟರ್ ಇದ್ದರೆ ನಿಮಗೆ ಇದು ಬೇಡ, ಮುಂದಕ್ಕೆ ಓದುವ ಕಷ್ಟವೂ ಬೇಡ. ವಿರಾಜಪೇಟೆಯಲ್ಲೊಂದು, ಸೋಮವಾರಪೇಟೆಯಲ್ಲೊಂದು ಶಾಖೆ ಇದೆ, ಆಡಿಟರ್ ಮೈಸೂರಿನಲ್ಲಿದ್ದಾರೆ ಅಂದರೆ ಉಪಯೋಗವಿದೆ. ಕರೆಂಟ್ ಹೋಗಿ ಲೈನ್ ಕಡಿದರೂ ಅರ್ಧ ಹೊಡೆದ ವೋಚರ್ ಅಲ್ಲಿ ಹಾಗೇ ಕಾದಿರುತ್ತದೆ, ಮತ್ತೆ ಲಾಗಿನ್ ಆದರೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮೂರಿಗೆ ಅದು ಸಣ್ಣ ಲಾಭವಲ್ಲ.

ಆದರೆ ಲೈನ್ ಇಲ್ಲದಿದ್ದರೆ ಕಿಟಕಿಯೂ ಇಲ್ಲ. ಒಬ್ಬರಿಗೆ ಟ್ಯಾಲಿಯಂಥ ಕೆಲಸಕ್ಕೆ 1.5ರಿಂದ 3 ಎಂಬಿಪಿಎಸ್ ಸಾಕು, ವೇಗ ಸಮಸ್ಯೆಯೇ ಅಲ್ಲ. ನೋಡಬೇಕಾದ್ದು ಪಿಂಗ್. ಸರ್ವರ್‌ಗೆ ಹೋಗಿ ಬರಲು 100 ಮಿಲಿಸೆಕೆಂಡಿನೊಳಗೆ ಇದ್ದರೆ ಸಲೀಸು. 200 ದಾಟಿದರೆ ಅಕ್ಷರ ಒತ್ತಿ ಕಾಯುವ ಕೆಲಸ. ಎರಡನೇ ಲೈನ್ ಬೇಕೇ ಬೇಕು, ಬೇರೆ ಕಂಪನಿಯದ್ದು, ಬೇರೆ ದಾರಿಯಲ್ಲಿ ಬಂದದ್ದು. ಎರಡು ಫೈಬರ್ ಒಂದೇ ಕಂಬದ ಮೇಲೆ ಬಂದರೆ ಅದು ಒಂದೇ ಲೈನ್. ಒಂದು ಸಿಲ್ವರ್ ಮರ ಬಿದ್ದರೆ ಎರಡೂ ಹೋಗುತ್ತವೆ. ಒಂದು ಫೈಬರ್, ಇನ್ನೊಂದು 4ಜಿ ಡಾಂಗಲ್ ಇಡಿ. ಕಂಪ್ಯೂಟರ್‌ಗೆ ಯುಪಿಎಸ್ ಹಾಕಿ ರೂಟರ್ ಅನ್ನು ಸುಮ್ನೆ ಗೋಡೆಗೆ ಚುಚ್ಚುವವರೇ ಜಾಸ್ತಿ. ರೂಟರ್‌ಗೂ ಒಂದು ಪುಟ್ಟ ಯುಪಿಎಸ್ ಕೊಡಿ.

ಬೆಲೆಯಲ್ಲಿ ಎರಡು ದಾರಿ. ಮೈಕ್ರೋಸಾಫ್ಟ್‌ನ ವಿಂಡೋಸ್ 365ರಲ್ಲಿ ಒಬ್ಬರಿಗೆ ತಿಂಗಳಿಗೆ ಇಷ್ಟು ಎಂದು ಕಟ್ಟಬೇಕು, ಬಳಸಿದರೂ ಬಿಟ್ಟರೂ. ಅದೇ ಕಂಪನಿಯ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಓಡಿಸಿದಷ್ಟಕ್ಕೆ ದುಡ್ಡು. ಅಮೆಜಾನ್ ವರ್ಕ್‌ಸ್ಪೇಸಸ್‌ನಲ್ಲಿ ಎರಡೂ ಬಗೆ ಇವೆ. ವರ್ಷಪೂರ್ತಿ ಕೂರುವ ಅಕೌಂಟೆಂಟ್‌ಗೆ ತಿಂಗಳ ಲೆಕ್ಕ ಸರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಸೇರಿಸಿಕೊಳ್ಳುವ ಹುಡುಗರಿಗೆ ಗಂಟೆಯ ಲೆಕ್ಕ ವಾಸಿ.

"ಟ್ಯಾಲಿ ಕ್ಲೌಡ್, ತೀರಾ ಅಗ್ಗ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಜಾಹೀರಾತುಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಕೆಲವು ಒಂದು ಸರ್ವರ್ ಬಾಡಿಗೆಗೆ ತಂದು, ದೂರದಿಂದ ಅದರೊಳಗೆ ಬರುವ ದಾರಿಯಾದ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ಅನ್ನು ಇಡೀ ಜಗತ್ತಿಗೆ ತೆರೆದಿಟ್ಟಿರುತ್ತವೆ. ರ‍್ಯಾನ್ಸಮ್‌ವೇರ್‌ನವರಿಗೆ ಅದು ಹೆಬ್ಬಾಗಿಲು. ಪಾಸ್‌ವರ್ಡ್ ಜತೆಗೆ ಫೋನಿನ ಕೋಡ್ ಕೂಡ ಕೇಳುತ್ತದಾ ಎಂದು ವಿಚಾರಿಸಿ. ಇಲ್ಲ ಅಂದರೆ ಫೋನ್ ಇಟ್ಟುಬಿಡಿ. ವರ್ಚುವಲ್ ಡೆಸ್ಕ್‌ಟಾಪ್ ಕೊಂಡರೆ ಬ್ಯಾಕಪ್ ತಾನಾಗಿ ಬಂತು ಅಂತಲೂ ಅಲ್ಲ. ಅದನ್ನು ಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಬಿಟ್ಟುಹೋಗುವಾಗ ನಿಮ್ಮ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಕೊಡುತ್ತಾರೆ ಎಂಬುದನ್ನೂ.

ಕೊನೆಗೆ ಡೆಮೊ. ಮಾರುವವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆಂದ ಓಡುತ್ತದೆ. ನಿಮ್ಮ ಕಂಪ್ಯೂಟರ್, ನಿಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ನಿಮ್ಮ ತೂಕದ ಯಂತ್ರಕ್ಕೆ ಜೋಡಿಸಿ ತೋರಿಸಲಿ. ಮಧ್ಯೆ ನೀವೇ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ದಿನಾಂಕ ಕೇಳಿದರೆ ಮಳೆಗೆ ಕರೆಂಟು, ಲೈನು ಕೈಕೊಡುವ ಜುಲೈ ಎರಡನೇ ವಾರ, ಮಧ್ಯಾಹ್ನ ಮೂರರ ಮೇಲೆ ಅನ್ನಿ. ಮಂಗಳೂರಿನಿಂದ ಬರುವವರಾದರೆ ಸಂಪಾಜೆ ಘಾಟಿ ತೆರೆದಿದೆಯಾ ಎಂದು ಹೊರಡುವ ಮೊದಲು ಕೇಳಿಕೊಳ್ಳಲಿ.