ಎಳೆ ಮೆತ್ತಗಾಗುವ ಮುನ್ನ: ಹಾಕಾತಾ ರಾಮೆನ್ ಉಣ್ಣುವ ಬಗೆ

ಉದ್ಯೋಗದ ನಿಮಿತ್ತ ಜಪಾನಿನ ಫುಕುವೊಕಾ ನಗರದಲ್ಲಿ ನೆಲೆಸಿರುವ ನನಗೆ ರಾಮೆನ್ (ಬಿಸಿ ಸಾರಿನಲ್ಲಿ ಬಡಿಸುವ ಗೋಧಿಹಿಟ್ಟಿನ ಎಳೆಗಳು, ಅಂದರೆ ನೂಡಲ್ಸ್) ಎಂದರೆ ಹಂದಿಮೂಳೆಯ ಬಿಳಿ ಸಾರಿನಲ್ಲಿ ತೆಳುವಾದ ನೇರ ಎಳೆಗಳಿರುವ ಹಾಕಾತಾ ರಾಮೆನ್; ಹಾಕಾತಾ ಈ ನಗರದ್ದೇ ಒಂದು ಭಾಗ. ಸಪ್ಪೊರೊದಲ್ಲಿ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಬೆರೆಸಿದ ಸಾರು, ಟೋಕಿಯೊದಲ್ಲಿ ಸೋಯಾ ಸಾಸಿನ ತಿಳಿಸಾರು ಎಂದು ಊರಿಗೊಂದು ಬಗೆ ಇದ್ದರೂ, ದಿನನಿತ್ಯದ ಊಟವಾಗಿ ನಾನು ಬಲ್ಲದ್ದು ಇದೊಂದನ್ನೇ. ಈ ಅಂಗಡಿಗಳ ಹೆಚ್ಚಿನ ಪದ್ಧತಿಗಳೆಲ್ಲ, ಎಳೆ ಮೆತ್ತಗಾಗುವ ಮುನ್ನವೇ ಊಟ ಮುಗಿಯಬೇಕೆಂಬ ಕಾರಣಕ್ಕೆ ರೂಢಿಗೆ ಬಂದವು ಎಂಬುದು ಅರ್ಥವಾದ ಮೇಲೆಯೇ ನನಗೆ ಅದರ ಪೂರ್ಣ ರುಚಿ ದಕ್ಕಿತು.

ನಾನು ಸಾಮಾನ್ಯವಾಗಿ ಒಬ್ಬನೇ ಹೋಗುತ್ತೇನೆ. ಅಂಗಡಿ ಚಿಕ್ಕದು, ಅಡುಗೆಯ ಒಲೆಗೆ ಎದುರಾಗಿ ಉದ್ದನೆಯ ಕಟ್ಟೆ, ಅದರ ಮುಂದೆ ಸಾಲು ಕುರ್ಚಿಗಳು. ಗುಂಪಾಗಿ ಹೋದವರು ಒಟ್ಟಿಗೆ ಕೂರಲು ಕಾಯಬೇಕಾದೀತು, ಒಂಟಿಗನಿಗೆ ಬೇಗ ಜಾಗ ಸಿಗುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಮೊದಲು ಕೂಪನ್ ಕೊಳ್ಳುವಂತೆ ಇಲ್ಲಿಯೂ ಅನೇಕ ಕಡೆ ಬಾಗಿಲ ಬಳಿ ಇರುವ ಯಂತ್ರಕ್ಕೆ ಹಣ ಹಾಕಿ ಚೀಟಿ ಪಡೆಯಬೇಕು. ಯಂತ್ರದಲ್ಲಿ ಎಲ್ಲಕ್ಕಿಂತ ಮೇಲೆ, ಎಡತುದಿಯಲ್ಲಿರುವ ಗುಂಡಿ ಬಹುತೇಕ ಆ ಅಂಗಡಿಯ ಮುಖ್ಯ ರಾಮೆನ್‌ನದಾಗಿರುತ್ತದೆ. ಹೊಸ ಅಂಗಡಿಗೆ ಹೋದಾಗ ನಾನು ಅದನ್ನೇ ಒತ್ತುತ್ತೇನೆ. 2024ರ ಜುಲೈನಲ್ಲಿ ಜಪಾನ್ ಹೊಸ ನೋಟುಗಳನ್ನು ಹೊರತಂದಾಗ ಹಳೆಯ ಯಂತ್ರಗಳು ಅವನ್ನು ಸ್ವೀಕರಿಸದೆ ಗೊಂದಲವಾಗಿತ್ತು. ಅಂದಿನಿಂದ ಚಿಲ್ಲರೆ ನಾಣ್ಯಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಚೀಟಿಯನ್ನು ಕಟ್ಟೆಯ ಮೇಲಿಟ್ಟೊಡನೆ ಅಡುಗೆಯವರು ಕೇಳುವುದು ಎಳೆ ಎಷ್ಟು ಗಟ್ಟಿಯಿರಬೇಕು ಎಂದು. ಮೆತ್ತಗೆ ಬೇಕಾದವರು 'ಯಾವಾ', ಸಾಧಾರಣ ಹದಕ್ಕೆ 'ಫುಟ್ಸು', ಗಟ್ಟಿಗೆ 'ಕಾತಾ', ಇನ್ನೂ ಗಟ್ಟಿಗೆ 'ಬಾರಿಕಾತಾ' ಎನ್ನುತ್ತಾರೆ. ಬಿಸಿನೀರಿನಲ್ಲಿ ಕೆಲವೇ ಕ್ಷಣ ಅದ್ದಿ ತೆಗೆದು, ಮೇಲಿನ ಹಿಟ್ಟನ್ನಷ್ಟೇ ಉದುರಿಸಿ ಕೊಡುವ 'ಕೊನಾಒತೊಶಿ' ಎಂಬುದೂ ಉಂಟು. ಅದರಲ್ಲಿ ಹಸಿ ಹಿಟ್ಟಿನ ವಾಸನೆ ಉಳಿಯುವುದರಿಂದ ನನಗೆ ಒಗ್ಗುವುದಿಲ್ಲ. ಹಾಕಾತಾ ಎಳೆಗೆ ಹಿಟ್ಟು ಕಲಸುವಾಗ ನೀರು ಬಹಳ ಕಡಿಮೆ ಹಾಕುತ್ತಾರೆ, ಹಿಟ್ಟಿನ ತೂಕದ ಶೇ. 30ಕ್ಕೂ ಕಡಿಮೆ. ಹೀಗೆ ಒಣಗಿದಂತಿರುವ ತೆಳು ಎಳೆ ಬೇಗ ಬೇಯುತ್ತದೆ, ಅಷ್ಟೇ ಬೇಗ ಸಾರನ್ನು ಹೀರಿ ಉಬ್ಬುತ್ತದೆ. ಆದ್ದರಿಂದ 'ಕಾತಾ' ಎಂದು ಹೇಳುವುದೇ ನನ್ನ ರೂಢಿ: ಮೊದಲ ತುತ್ತಿನಲ್ಲಿ ಹಲ್ಲಿಗೆ ಸ್ವಲ್ಪ ತಡೆಯುವ ಎಳೆ, ಅರ್ಧ ಊಟವಾಗುವ ಹೊತ್ತಿಗೆ ಸರಿಯಾದ ಹದಕ್ಕೆ ಬಂದಿರುತ್ತದೆ.

ಕಟ್ಟೆಯಾಚೆಗೆ ನಡೆಯುವ ಕೆಲಸವನ್ನು ನೋಡುವುದೇ ಒಂದು ಸೊಗಸು. ಬಿಸಿನೀರಿನಲ್ಲಿ ಕಾಯಿಸಿಟ್ಟ ಬಟ್ಟಲಿಗೆ ಮೊದಲು ಉಪ್ಪು–ಸೋಯಾದ ಗಟ್ಟಿ ರಸ, ಅದರ ಮೇಲೆ ಸಾರು. ಆಳವಾದ ಜಾಲರಿಯಿಂದ ಎಳೆಯನ್ನು ಎತ್ತಿ, ಮಣಿಕಟ್ಟನ್ನು ಬಲವಾಗಿ ಝಾಡಿಸಿ ನೀರೆಲ್ಲ ಬಸಿದ ಮೇಲೆ ಅದನ್ನು ಸಾರಿಗೆ ಜಾರಿಸಿ, ಚಾಪ್‌ಸ್ಟಿಕ್‌ನಿಂದ ಒಮ್ಮೆ ಎತ್ತಿ ಮಡಚಿ ನಯವಾಗಿ ಹಾಸುತ್ತಾರೆ. ನೀರು ಸರಿಯಾಗಿ ಬಸಿಯದಿದ್ದರೆ ಸಾರು ತೆಳ್ಳಗಾಗುವುದರಿಂದ ಆ ಝಾಡಿಸುವಿಕೆಯಲ್ಲಿಯೇ ಅಡುಗೆಯವರ ಕೈಗುಣ ತಿಳಿಯುತ್ತದೆ. ಕೊನೆಗೆ ಹಂದಿಮಾಂಸದ ಹೋಳು, ಕರಿ ಅಣಬೆ, ಹೆಚ್ಚಿದ ಈರುಳ್ಳಿ ಸೊಪ್ಪು. ಮೂಳೆಗಳನ್ನು ಗಂಟೆಗಟ್ಟಲೆ ಕೊತಕೊತನೆ ಕುದಿಸಿದಾಗ ಅವುಗಳಿಂದ ಬಿಡುವ ಜೆಲಟಿನ್ ಕೊಬ್ಬನ್ನು ನೀರಿನೊಡನೆ ಬೆರೆಸಿ ಹಿಡಿದಿಡುವುದರಿಂದ ಸಾರಿಗೆ ಹಾಲಿನ ಬಣ್ಣ ಬರುತ್ತದೆ. ಇದೇ ಸೀಮೆಯ ಕುರುಮೆ ಊರಿನಲ್ಲಿ 1947ರಲ್ಲಿ, ಒಲೆಯ ಮೇಲಿದ್ದ ಸಾರು ಮರೆತು ಅತಿಯಾಗಿ ಕುದಿದಾಗ ಈ ಬಿಳಿ ಸಾರು ಹುಟ್ಟಿತೆಂದು ಹೇಳುತ್ತಾರೆ.

ಬಟ್ಟಲು ಬಂದಾಗ ಮೊದಲು ಎರಡು ಚಮಚ ಸಾರನ್ನು ಹಾಗೆಯೇ ಕುಡಿಯುತ್ತೇನೆ. ಕೆಂಪು ಶುಂಠಿಯ ಉಪ್ಪಿನಕಾಯಿ, ಎಳ್ಳು, ಖಾರದ ಸಾಸಿವೆಸೊಪ್ಪು ಎಲ್ಲವೂ ಕೈಗೆಟಕುವಂತೆ ಇರುತ್ತವೆ, ನಮ್ಮ ನಾಲಗೆಗೆ ಆ ಖಾರದ ಸೊಪ್ಪು ಬಹಳ ಹಿತ. ಆದರೆ ಮೊದಲೇ ಅದನ್ನು ಹಾಕಿಬಿಟ್ಟರೆ ರಾತ್ರಿಯಿಡೀ ಕುದಿಸಿದವರ ಶ್ರಮದ ರುಚಿಯೇ ತಿಳಿಯದೆ ಹೋಗುತ್ತದೆ. ಎಳೆಯನ್ನು ಒಂದು ಸಲಕ್ಕೆ ಸ್ವಲ್ಪವೇ ಎತ್ತಿ, ಸೊರ್ರೆಂದು ಗಾಳಿಯೊಡನೆ ಎಳೆದುಕೊಳ್ಳಬೇಕು. ಊಟದಲ್ಲಿ ಸದ್ದು ಮಾಡಬಾರದೆಂದು ಮನೆಯಲ್ಲಿ ಕಲಿತವರಿಗೆ ಇದು ಮೊದಮೊದಲು ಮುಜುಗರವೆನಿಸಬಹುದು. ಆದರೆ ಗಾಳಿಯಿಂದ ಎಳೆ ಬಾಯಿ ಸುಡದಷ್ಟು ಆರುತ್ತದೆ, ಪರಿಮಳ ಮೂಗಿಗೇರುತ್ತದೆ, ಎಳೆಗೆ ಅಂಟಿದ ಸಾರೂ ಜೊತೆಗೇ ಬರುತ್ತದೆ. ಚಿತ್ರ ತೆಗೆಯುವುದಿದ್ದರೆ ಒಂದೇ ಒಂದು. ಮಾತುಕತೆಯನ್ನು ಹೊರಗೆ ಬಂದ ಮೇಲೆ ಇಟ್ಟುಕೊಳ್ಳುವುದು ಲೇಸು.

ಹಾಕಾತಾ ಊಟದ ಜೀವಾಳವೆಂದರೆ 'ಕಾಎದಾಮಾ', ಅಂದರೆ ಅದೇ ಸಾರಿಗೆ ಎರಡನೆಯ ಸಲ ಎಳೆ ಹಾಕಿಸಿಕೊಳ್ಳುವುದು. ಇದೇ ನಗರದ ನಾಗಹಾಮಾ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಬಿಡುವು ಕಡಿಮೆ, ಹಸಿವು ಹೆಚ್ಚು. ಒಮ್ಮೆಗೇ ಹೆಚ್ಚು ಎಳೆ ಹಾಕಿದರೆ ತಿಂದು ಮುಗಿಸುವಷ್ಟರಲ್ಲಿ ಅದು ಉಬ್ಬಿಹೋಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಬಡಿಸುವ ಈ ಕ್ರಮ ಅಲ್ಲಿನ ಅಂಗಡಿಗಳಲ್ಲಿ ಬೆಳೆಯಿತು. ಬಟ್ಟಲಿನಲ್ಲಿ ಇನ್ನೆರಡು ತುತ್ತು ಉಳಿದಿರುವಾಗಲೇ ನಾನು 'ಕಾಎದಾಮಾ, ಕಾತಾ' ಎಂದು ಕೂಗಿ ಹೇಳುತ್ತೇನೆ. ತಿಂದು ಮುಗಿಸುವಷ್ಟರಲ್ಲಿ ಬಿಸಿ ಎಳೆ ಪುಟ್ಟ ತಟ್ಟೆಯಲ್ಲಿ ಬಂದಿರುತ್ತದೆ. ಅದಕ್ಕಾಗಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಾರು ಉಳಿಸಿಕೊಂಡಿರಬೇಕು. ಎಳೆಯ ಜೊತೆ ಬಂದ ನೀರಿನಿಂದ ಸಾರು ಸಪ್ಪೆಯಾಗುವುದರಿಂದ ಕಟ್ಟೆಯ ಮೇಲಿನ ಪುಟ್ಟ ಕೆಟಲಿನಲ್ಲಿರುವ ಗಟ್ಟಿ ರಸವನ್ನು ಒಂದು ಸುತ್ತು ಸುರಿದು, ಖಾರದ ಸೊಪ್ಪನ್ನು ಈಗ ಧಾರಾಳವಾಗಿ ಹಾಕಿಕೊಳ್ಳುತ್ತೇನೆ. ಈ ಎರಡನೆಯ ಸುತ್ತೇ ನನಗೆ ಹೆಚ್ಚು ಪ್ರಿಯ.

ಕೊನೆಯ ಸಾರನ್ನು ನಾನು ಕುಡಿಯುವುದಿಲ್ಲ. ಜಪಾನ್ ಸರ್ಕಾರದ 2020ರ ಮಾರ್ಗಸೂಚಿಯಂತೆ ವಯಸ್ಕ ಗಂಡಸರಿಗೆ ದಿನಕ್ಕೆ 7.5 ಗ್ರಾಂ, ಹೆಂಗಸರಿಗೆ 6.5 ಗ್ರಾಂ ಒಳಗಿನ ಉಪ್ಪು ಸಾಕು. ಬಟ್ಟಲು ಬರಿದಾಗುವಷ್ಟು ಕುಡಿದರೆ ಅದರ ಬಹುಪಾಲು ಒಂದೇ ಊಟದಲ್ಲಿ ಮುಗಿಯುತ್ತದೆ. ಸಾರು ಬಿಟ್ಟರೆ ಯಾರೂ ಬೇಸರಿಸುವುದಿಲ್ಲ. ಬಟ್ಟಲನ್ನು ಕಟ್ಟೆಯ ಮೇಲಂಚಿಗೆ ಎತ್ತಿಟ್ಟು, ಜಾಗವನ್ನು ಬಟ್ಟೆಯಿಂದ ಒರೆಸಿ, 'ಗೊಚಿಸೋಸಾಮಾ' (ಊಟಕ್ಕೆ ಧನ್ಯವಾದ) ಎಂದು ಹೇಳಿ ಎದ್ದರಾಯಿತು. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಊರಿನಿಂದ ಬರುವ ಸಸ್ಯಾಹಾರಿ ಬಂಧುಗಳನ್ನು ಮಾತ್ರ ನಾನು ಈ ಅಂಗಡಿಗಳಿಗೆ ಕರೆದೊಯ್ಯುವುದಿಲ್ಲ. ತರಕಾರಿ ರಾಮೆನ್ ಎಂದು ಬರೆದಿದ್ದರೂ ಸಾರು ಮೂಳೆಯದೋ ಒಣಮೀನಿನದೋ ಆಗಿರುವುದೇ ಹೆಚ್ಚು, ಮಾಂಸದ ಹೋಳನ್ನು ತೆಗೆಸಿದ ಮಾತ್ರಕ್ಕೆ ಅದು ಸಸ್ಯಾಹಾರವಾಗದು. ಅಂಥವರು ಟೋಕಿಯೊ ಮೂಲಕ ಬರುವುದಾದರೆ, ಟೋಕಿಯೊ ನಿಲ್ದಾಣದ ಕೇಯೊ ಮಾರ್ಗದತ್ತ ಹೋಗುವ ಅಂಗಡಿಸಾಲಿನಲ್ಲಿರುವ 'ಟೀಸ್ ತಾನ್‌ತಾನ್'ನಲ್ಲಿ ಉಣ್ಣಲು ಹೇಳುತ್ತೇನೆ. ಅಲ್ಲಿನ ಎಳ್ಳಿನ ಸಾರಿನ ರಾಮೆನ್‌ನಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಅಂಗಡಿ ಟಿಕೆಟ್ ಗೇಟಿನ ಒಳಭಾಗದಲ್ಲಿರುವುದರಿಂದ ರೈಲು ಬದಲಿಸುವ ನಡುವಿನ ಹೊತ್ತಿನಲ್ಲಿಯೇ, ಹೊರಗೆ ಬರುವ ಮುನ್ನ, ಅಲ್ಲಿ ಊಟ ಮುಗಿಸಿಕೊಳ್ಳುವುದು ಅನುಕೂಲ.