ಹೀಟ್ ಪ್ರೆಸ್ ಕೊಳ್ಳುವಿರಾದರೆ ನಾಲ್ಕು ಮೂಲೆಗಳ ಬಿಸಿ ನೋಡಿಯೇ ಹಣ ಕೊಡಿ

ನವೆಂಬರ್ ಹತ್ತಿರವಾಗುತ್ತಿದ್ದಂತೆ ಹಳದಿ ಟಿ-ಶರ್ಟಿನ ಮೇಲೆ ಕೆಂಪು ಅಕ್ಷರಗಳನ್ನು ಮುದ್ರಿಸಿಕೊಡಿ ಎಂದು ಕೇಳಿಕೊಂಡು ಕನ್ನಡ ಸಂಘಗಳು, ಆಟೊ ನಿಲ್ದಾಣದ ಗೆಳೆಯರ ಬಳಗಗಳು, ಕಚೇರಿಗಳ ರಾಜ್ಯೋತ್ಸವ ಸಮಿತಿಗಳು ಬರತೊಡಗುತ್ತವೆ. ಅದಕ್ಕೂ ಮುನ್ನ ಗಣೇಶನ ಹಬ್ಬ, ಬೇಸಿಗೆಯಲ್ಲಿ ಊರೂರಿನ ಕ್ರಿಕೆಟ್ ಪಂದ್ಯಾವಳಿ. ಈ ಬೇಡಿಕೆಯನ್ನು ನಂಬಿ ಮನೆಯ ಒಂದು ಕೋಣೆಯಲ್ಲೇ ಮುದ್ರಣದ ಕೆಲಸ ಆರಂಭಿಸಬೇಕೆನ್ನುವವರು ನನ್ನ ಬಳಿ ಸಲಹೆ ಕೇಳುವುದುಂಟು. ದುರದೃಷ್ಟವೆಂದರೆ, ಅವರಲ್ಲಿ ಹೆಚ್ಚಿನವರು ಹೀಟ್ ಪ್ರೆಸ್ಸನ್ನು, ಎಂದರೆ ಅಕ್ಷರ, ಚಿತ್ರಗಳನ್ನು ಬಿಸಿ ತಟ್ಟೆಯಿಂದ ಒತ್ತಿ ಬಟ್ಟೆಗೆ ಹತ್ತಿಸುವ ಯಂತ್ರವನ್ನು, ಕೊಂಡಾದ ಮೇಲೆ ಬರುತ್ತಾರೆ.

ಅದೇ ತಪ್ಪನ್ನು ನಾನೂ ಮಾಡಿದ್ದೆ. ಮೊದಲ ವರ್ಷ 40 ಟಿ-ಶರ್ಟುಗಳ ಎದೆಯ ಮೇಲೆ ‘ಸಿರಿಗನ್ನಡಂ ಗೆಲ್ಗೆ’ ಎಂದು ಮುದ್ರಿಸಿ ಕೊಟ್ಟೆ. ವಾರದೊಳಗೆ ಅವು ಮರಳಿ ಬಂದಾಗ ಒಂದೊಂದನ್ನೇ ಮೇಜಿನ ಮೇಲೆ ಹರಡಿ ನೋಡಿದೆ. ಪ್ರತಿಯೊಂದರಲ್ಲೂ ಕೊನೆಯ ‘ಲ್ಗೆ’ ಅಕ್ಷರದ ಬಲ ಅಂಚು ಮಾತ್ರ ಒಣಗಿದ ಎಲೆಯಂತೆ ಸುರುಳಿಗೊಂಡು ಮೇಲೆದ್ದಿತ್ತು. ಉಳಿದ ಅಕ್ಷರಗಳು ಗಟ್ಟಿಯಾಗಿಯೇ ಇದ್ದವು. ಬಟ್ಟೆಯದೋ ಅಂಟಿನದೋ ದೋಷವಾಗಿದ್ದರೆ ಒಂದೊಂದು ಶರ್ಟಿನಲ್ಲಿ ಒಂದೊಂದು ಕಡೆ ಕಿತ್ತುಬರಬೇಕಿತ್ತು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಕಿತ್ತುಬಂದದ್ದರಿಂದ ದೋಷ ಯಂತ್ರದ ಆ ಮೂಲೆಯಲ್ಲಿದೆ ಎಂಬುದು ಖಚಿತವಾಯಿತು. ಅಳೆದು ನೋಡಿದಾಗ ಪರದೆಯ ಮೇಲೆ 160 ಡಿಗ್ರಿ ಇದ್ದರೂ ಬಲ ಮೂಲೆಯಲ್ಲಿ ಇದ್ದದ್ದು 138 ಡಿಗ್ರಿ. ಆದ್ದರಿಂದ ಈ ಲೇಖನದ ಬಹುಪಾಲನ್ನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗೇ ಮೀಸಲಿಡುತ್ತೇನೆ.

ಮೊದಲು: ಏನನ್ನು ಮುದ್ರಿಸುತ್ತೀರಿ?

ಹತ್ತಿಯ ಬಟ್ಟೆಯ ಮೇಲಿನ ಕೆಲಸವಾದರೆ ವಿನೈಲ್ (ಅಕ್ಷರದ ಆಕಾರಕ್ಕೆ ಕತ್ತರಿಸಿ ಅಂಟಿಸುವ ಬಣ್ಣದ ಹಾಳೆ) ಅಥವಾ ಡಿಟಿಎಫ್ (ಫಿಲ್ಮಿನ ಮೇಲೆ ಮುದ್ರಿಸಿದ ಚಿತ್ರವನ್ನು ಬಿಸಿಯಿಂದ ಬಟ್ಟೆಗೆ ಅಂಟಿಸುವುದು). ತಿಳಿ ಬಣ್ಣದ ಪಾಲಿಯೆಸ್ಟರ್ ಜೆರ್ಸಿ, ಕಾಫಿ ಕಪ್ಪು, ಕೀಲಿಕೈ ಗೊಂಚಲುಗಳಾದರೆ ಸಬ್ಲಿಮೇಶನ್ (ಕಾಗದದ ಮೇಲಿನ ಬಣ್ಣವನ್ನು ಬಿಸಿಯಿಂದ ವಸ್ತುವಿಗೆ ಇಳಿಸುವುದು). ವಿನೈಲ್ ಮತ್ತು ಡಿಟಿಎಫ್‌ಗೆ ಸಾಮಾನ್ಯವಾಗಿ 150ರಿಂದ 160 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 10ರಿಂದ 15 ಸೆಕೆಂಡ್ ಒತ್ತಿದರೆ ಸಾಕು. ಸಬ್ಲಿಮೇಶನ್‌ನಲ್ಲಿ ಬಣ್ಣವು ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಕ್ಕೆ ಇಳಿಯಬೇಕಾದ್ದರಿಂದ 180ರಿಂದ 200 ಡಿಗ್ರಿಯಲ್ಲಿ 45ರಿಂದ 60 ಸೆಕೆಂಡ್ ಬೇಕಾಗುತ್ತದೆ. ಹತ್ತಿಯಲ್ಲಿ ಆ ಬಣ್ಣವನ್ನು ಹಿಡಿದಿಡುವ ಗುಣವಿಲ್ಲ. ಹತ್ತಿಗೆ ಸಿಂಪಡಿಸಿ ಸಬ್ಲಿಮೇಶನ್ ಮಾಡಬಹುದು ಎಂದು ಮಾರುವ ದ್ರಾವಣದ ಬಾಟಲಿಗಳನ್ನು ದಯವಿಟ್ಟು ಕೊಳ್ಳಬೇಡಿ. ಕೆಲವು ಒಗೆತಗಳಲ್ಲಿ ಚಿತ್ರ ಮಾಸಿಹೋಗುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಹೊಸಬರು ಡಿಟಿಎಫ್‌ನಿಂದ ಆರಂಭಿಸುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಮುದ್ರಿತ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಮಾಡಿಕೊಡುವವರಿದ್ದಾರೆ. ಅವರಿಂದ ತರಿಸಿಕೊಂಡರೆ ನಿಮಗೆ ಪ್ರಿಂಟರಿನ ಬಂಡವಾಳವೇ ಬೇಡ, ಪ್ರೆಸ್ ಒಂದಿದ್ದರೆ ಸಾಕು.

ಅಳತೆ

ಅಗ್ಗದ ಯಂತ್ರಗಳಲ್ಲಿ ಹೆಚ್ಚಾಗಿ ಸಿಗುವುದು 15 ಇಂಚು ಉದ್ದಗಲದ, ಎಂದರೆ 38 ಸೆಂಟಿಮೀಟರ್ ಚೌಕದ ತಟ್ಟೆ. ಎ4 ಅಳತೆಯ ಚಿತ್ರಕ್ಕೆ ಇದು ಧಾರಾಳವಾಗಿ ಸಾಲುತ್ತದೆ. ಆದರೆ ಎ3 ಹಾಳೆಯ ಉದ್ದ 42 ಸೆಂಟಿಮೀಟರ್. ಅದು ಈ ತಟ್ಟೆಯೊಳಗೆ ಹಿಡಿಸುವುದೇ ಇಲ್ಲ. ಎ3 ಪ್ರಿಂಟರನ್ನೂ 15 ಇಂಚಿನ ಪ್ರೆಸ್ಸನ್ನೂ ಒಟ್ಟಿಗೆ ಕೊಂಡು, ಪ್ರತಿ ಚಿತ್ರವನ್ನು ಎರಡು ಸಲ ಒತ್ತುತ್ತಾ, ನಡುವೆ ಬೀಳುವ ಗೆರೆಯನ್ನು ಮರೆಮಾಚಲು ಪರದಾಡುವವರನ್ನು ಕಂಡಿದ್ದೇನೆ. ಬೆನ್ನು ತುಂಬುವ ಚಿತ್ರಗಳೇ ನಿಮ್ಮ ಕೆಲಸವಾದರೆ 16×24 ಇಂಚಿನದನ್ನು ಕೊಳ್ಳಿ. ಎದೆಯ ಮೇಲಿನ ಅಕ್ಷರ, ಲಾಂಛನಗಳಷ್ಟೇ ಆದರೆ 15 ಇಂಚು ಸಾಕು.

ಯಂತ್ರದ ಬಗೆ

ಮೊಸಳೆಯ ಬಾಯಿಯಂತೆ ಮೇಲಕ್ಕೆ ತೆರೆಯುವ ಕ್ಲಾಮ್‌ಶೆಲ್, ಮೇಲಿನ ತಟ್ಟೆ ಪಕ್ಕಕ್ಕೆ ಸರಿಯುವ ಸ್ವಿಂಗ್, ಕೆಳಗಿನ ತಟ್ಟೆ ಮೇಜಿನ ಡ್ರಾಯರಿನಂತೆ ಮುಂದಕ್ಕೆ ಬರುವ ಬಗೆ, ಹೀಗೆ ಮೂರು ವಿಧಗಳಿವೆ. ಕ್ಲಾಮ್‌ಶೆಲ್ ಕಡಿಮೆ ಜಾಗ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಬಟ್ಟೆ ಹಾಸುವಾಗ ನಿಮ್ಮ ಮುಂಗೈ 160 ಡಿಗ್ರಿಯ ತಟ್ಟೆಯ ಕೆಳಗೇ ಇರುತ್ತದೆ. ದಪ್ಪ ವಸ್ತುವನ್ನಿಟ್ಟರೆ ಹಿಂಬದಿ ಬಿಗಿಯಾಗಿ ಮುಂಬದಿ ಸಡಿಲವಾಗುತ್ತದೆ. ಸ್ವಿಂಗ್ ಬಗೆಯಲ್ಲಿ ಈ ತೊಂದರೆ ಇಲ್ಲ. ಆದರೆ ಬಿಸಿ ತಟ್ಟೆ ತಿರುಗಲು ಪಕ್ಕದಲ್ಲಿ ಜಾಗ ಬಿಡಬೇಕು, ಅಗ್ಗದವುಗಳಲ್ಲಿ ತೋಳು ಅಲುಗಾಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಡ್ರಾಯರ್ ಇರುವುದನ್ನೇ ಕೊಳ್ಳಿ.

ಕಾಫಿ ಕಪ್ಪು, ಟೋಪಿ, ಪಿಂಗಾಣಿ ತಟ್ಟೆ, ಟಿ-ಶರ್ಟು ಎಲ್ಲವನ್ನೂ ಒಂದರಲ್ಲೇ ಮಾಡುವ ‘5-ಇನ್-1’, ‘8-ಇನ್-1’ ಯಂತ್ರಗಳ ಬಗ್ಗೆ ಕೇಳದವರಿಲ್ಲ. ಮೊದಲ ಯಂತ್ರವಾಗಿ ಅದು ಬೇಡವೆಂದೇ ನಾನು ಹೇಳುತ್ತೇನೆ. ಒಂದು ಭಾಗವನ್ನು ಕಳಚಿ ಇನ್ನೊಂದನ್ನು ಜೋಡಿಸುವಾಗಲೆಲ್ಲ ತಟ್ಟೆ ಆರುವವರೆಗೆ ಕಾಯಬೇಕು, ಪದೇ ಪದೇ ಬಿಚ್ಚಿ ಹಾಕುವ ವೈರಿನ ಕೊಂಡಿ ಸಡಿಲವಾಗುತ್ತದೆ, ಒತ್ತಡವನ್ನು ಪ್ರತಿ ಸಲವೂ ಹೊಸದಾಗಿ ಹೊಂದಿಸಬೇಕು. ಚಪ್ಪಟೆ ಪ್ರೆಸ್ ಒಂದನ್ನು ಈಗ ಕೊಂಡು, ಕಪ್ಪಿನ ಕೆಲಸ ಬರತೊಡಗಿದ ಮೇಲೆ ಕಪ್ಪಿನದೇ ಪ್ರೆಸ್ಸನ್ನು ಬೇರೆಯಾಗಿ ತನ್ನಿ.

ಮನೆಯ ವಿದ್ಯುತ್

15 ಇಂಚಿನ ಪ್ರೆಸ್ ಸಾಮಾನ್ಯವಾಗಿ 1,400ರಿಂದ 1,800 ವಾಟ್ ಎಳೆಯುತ್ತದೆ. ನಮ್ಮ ಮನೆಗಳ ಚಿಕ್ಕ ಸಾಕೆಟ್ 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಕೊಡಬಲ್ಲದ್ದು 1,380 ವಾಟ್ ಮಾತ್ರ. ಆದ್ದರಿಂದ ಗೀಸರಿಗೆ ಬಳಸುವಂಥ 16 ಆಂಪಿಯರಿನ ಪವರ್ ಸಾಕೆಟ್, ಸರಿಯಾದ ಅರ್ತಿಂಗ್, 2.5 ಚದರ ಮಿಲಿಮೀಟರಿನ ತಾಮ್ರದ ವೈರು ಬೇಕೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ ಪ್ರೆಸ್ ನಡೆಸುವುದು ಬೆಂಕಿಗೆ ಆಹ್ವಾನ. ಕೆಲವು ಆಮದು ಯಂತ್ರಗಳು 110 ವೋಲ್ಟಿನವು. ಹಿಂಬದಿಯ ಫಲಕವನ್ನು ಓದಿ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂಬುದನ್ನೂ ನೋಡಿಕೊಳ್ಳಿ. ಗೃಹಜ್ಯೋತಿಯ ಸೌಲಭ್ಯ ಗೃಹಬಳಕೆಗಷ್ಟೇ ಮೀಸಲಾದ್ದರಿಂದ, ಮನೆಯಲ್ಲಿ ವ್ಯಾಪಾರ ಆರಂಭಿಸುವ ಮುನ್ನ ನಿಮ್ಮ ವಿದ್ಯುತ್ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಗಡಿಯವರು ಯಂತ್ರಕ್ಕೆ ವಿದ್ಯುತ್ ಕೊಡುತ್ತಾರೆ, ಪರದೆಯ ಮೇಲೆ ಅಂಕಿ ಏರುತ್ತದೆ, 160 ತಲುಪಿದಾಗ ಬೀಪ್ ಎನ್ನುತ್ತದೆ. ಅಷ್ಟಕ್ಕೇ ತೃಪ್ತರಾಗಿ ಹಣ ಕೊಟ್ಟುಬಿಡುತ್ತೇವೆ. ಆ ಅಂಕಿ ತೋರಿಸುವುದು ತಟ್ಟೆಯೊಳಗಿನ ಒಂದೇ ಒಂದು ಬಿಂದುವಿನ ಬಿಸಿಯನ್ನು. ಕಾಯಿಸುವ ಸುರುಳಿಯನ್ನು ಎರಕದ ಅಲ್ಯೂಮಿನಿಯಂನ ಒಳಗೆ ಒತ್ತಾಗಿ ಹಾಯಿಸಿದ್ದರೆ ಬಿಸಿ ಎಲ್ಲೆಡೆ ಹರಡುತ್ತದೆ. ತಟ್ಟೆ ತೆಳುವಾಗಿದ್ದು ಸುರುಳಿ ವಿರಳವಾಗಿದ್ದರೆ ನಡುವೆ ಸುಡುತ್ತಿದ್ದು ಮೂಲೆಗಳು ತಣ್ಣಗಿರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಅಂಗಡಿಗೆ ಹೋಗುವಾಗ ಒಂದು ಹಳೆಯ ಹತ್ತಿ ಟಿ-ಶರ್ಟು, ಎರಡು ಬೆರಳಗಲದ ಐದು ಕಾಗದದ ಪಟ್ಟಿಗಳು, ಮತ್ತು ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿ ಇರುವ ಡಿಜಿಟಲ್ ಮಲ್ಟಿಮೀಟರನ್ನು ಒಯ್ಯಿರಿ. ಬೆಂಗಳೂರಿನವರಿಗೆ ಇದು ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಪಿಸ್ತೂಲಿನಂತೆ ಹಿಡಿದು ದೂರದಿಂದ ಅಳೆಯುವ ಇನ್‌ಫ್ರಾರೆಡ್ ಉಪಕರಣವನ್ನು ನೆಚ್ಚಬೇಡಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

ಯಂತ್ರ ತಣ್ಣಗಿರುವಾಗಲೇ ಒತ್ತಡವನ್ನು ನೋಡಬೇಕು. ನಾಲ್ಕು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಕಾಗದದ ಪಟ್ಟಿಯನ್ನಿಟ್ಟು, ತುದಿಗಳು ಹೊರಗೆ ಕಾಣುವಂತೆ ಪ್ರೆಸ್ಸನ್ನು ಮುಚ್ಚಿ. ಒಂದೊಂದನ್ನೇ ಮೆಲ್ಲಗೆ ಎಳೆಯಿರಿ. ಐದೂ ಒಂದೇ ಬಿಗಿಯಲ್ಲಿ ನಿಲ್ಲಬೇಕು. ಹಿಂದಿನ ಎರಡು ಅಲುಗದೆ ಮುಂದಿನ ಎರಡು ಸಲೀಸಾಗಿ ಬಂದರೆ ಒತ್ತಡದ ತಿರುಪನ್ನು ಸ್ವಲ್ಪ ಸಡಿಲಿಸಿ ಮತ್ತೆ ನೋಡಿ. ಆಗಲೂ ಹಾಗೆಯೇ ಆದರೆ, ಅಥವಾ ಎಡದ್ದು ಬಿಗಿ, ಬಲದ್ದು ಸಡಿಲವಾದರೆ, ಚೌಕಟ್ಟೇ ವಾರೆಯಾಗಿದೆ ಎಂದರ್ಥ. ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಹಿಡಿಯನ್ನು ಬಲವಾಗಿ ಒತ್ತುವಾಗ ಮೇಲಿನ ತೋಳು ಬಿಲ್ಲಿನಂತೆ ಬಾಗುತ್ತಿದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿ. ಮೇಲಿನ ತಟ್ಟೆಗೆ ವೈರು ಒಳಹೋಗುವ ಜಾಗವನ್ನೂ ಬೆರಳಿನಿಂದ ಮುಟ್ಟಿ ನೋಡಿ. ಹಿಡಿ ಎತ್ತಿದಾಗಲೆಲ್ಲ ಬಾಗುವ ಆ ವೈರಿಗೆ ರಕ್ಷಣೆಯ ಕೊಳವೆ ಇರಬೇಕು, ಲೋಹದ ಅಂಚಿಗೆ ಉಜ್ಜುವಂತಿರಬಾರದು. ಬಳಸಿದ ಯಂತ್ರವನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದೇ ಇದನ್ನು.

ಅನಂತರ 160 ಡಿಗ್ರಿಗೆ ಇಟ್ಟು ಯಂತ್ರವನ್ನು ಕಾಯಿಸಿ. ಬೀಪ್ ಬಂದ ಕೂಡಲೇ ಅಳೆಯಬೇಡಿ. ಬಿಸಿ ತಟ್ಟೆಯೆಲ್ಲ ಹರಡಲು ಇನ್ನೂ 10 ನಿಮಿಷ ಕೊಡಿ. ಅಂಗಡಿಯವರು ಅವಸರ ಪಡಿಸಿದರೂ ಈ 10 ನಿಮಿಷವನ್ನು ಬಿಟ್ಟುಕೊಡಬೇಡಿ. ಕೆಳಗಿನ ಪ್ಯಾಡಿನ ಮೇಲೆ ಟಿ-ಶರ್ಟನ್ನು ಹಾಸಿ, ಅದರ ಮೇಲೆ ಥರ್ಮೋಕಪಲ್ ತಂತಿಯ ತುದಿಯನ್ನಿಟ್ಟು, ಪ್ರೆಸ್ಸನ್ನು ಮುಚ್ಚಿ 30 ಸೆಕೆಂಡ್ ಕಾದು ಅಂಕಿಯನ್ನು ಬರೆದುಕೊಳ್ಳಿ. ಹೀಗೆ ನಡುವೆ, ನಾಲ್ಕು ಮೂಲೆಗಳಲ್ಲಿ, ನಾಲ್ಕು ಅಂಚುಗಳ ಮಧ್ಯದಲ್ಲಿ, ಒಟ್ಟು ಒಂಬತ್ತು ಕಡೆ ಅಳೆಯಬೇಕು. ತೀರಾ ಹೊರ ಅಂಚು ತುಸು ತಣ್ಣಗಿರುವುದು ಸಹಜ. ಆದ್ದರಿಂದ ಮೂಲೆಗಳಲ್ಲಿ ಒಂದಿಂಚು ಒಳಗೆ ಸರಿದು ಅಳೆಯಿರಿ.

ಈ ಒಂಬತ್ತು ಅಂಕಿಗಳನ್ನು ಓದುವ ರೀತಿ ಮುಖ್ಯ. ಒಂಬತ್ತೂ ಕಡೆ 152ರ ಆಸುಪಾಸು ಇದ್ದರೆ ಗಾಬರಿಯಾಗಬೇಕಿಲ್ಲ. ಪರದೆ 8 ಡಿಗ್ರಿ ಹೆಚ್ಚು ತೋರಿಸುತ್ತಿದೆ ಅಷ್ಟೇ. ನೀವು 168ಕ್ಕೆ ಇಟ್ಟುಕೊಂಡರೆ ಮುಗಿಯಿತು. ಆದರೆ ನಡುವೆ ಸರಿಯಾಗಿ 160 ಇದ್ದು ಒಂದು ಮೂಲೆಯಲ್ಲಿ 145 ಇದ್ದರೆ ಆ ಯಂತ್ರ ಬೇಡ. ಆ ಮೂಲೆಗೆಂದು ಬಿಸಿ ಹೆಚ್ಚಿಸಿದರೆ ನಡುಭಾಗ ಸುಟ್ಟು ಬಟ್ಟೆಯ ಮೇಲೆ ಹೊಳಪಿನ ಚೌಕ ಬೀಳುತ್ತದೆ. ಕೆಂಪು ಪಾಲಿಯೆಸ್ಟರಾದರೆ ಬಟ್ಟೆಯ ಬಣ್ಣವೇ ಮೇಲೇರಿ ಬಿಳಿ ಅಕ್ಷರ ನಸುಗೆಂಪಾಗುತ್ತದೆ. ನಡುವಿಗೆಂದು ಇಳಿಸಿದರೆ ಮೂಲೆಯ ಅಂಟು ಕರಗದೆ ಒಗೆತದಲ್ಲಿ ಕಿತ್ತುಬರುತ್ತದೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳ ನಡುವಿನ ಅಂತರ 5 ಡಿಗ್ರಿಯೊಳಗಿದ್ದರೆ ಉತ್ತಮ, 10ರವರೆಗೆ ಡಿಟಿಎಫ್‌ಗೆ ನಡೆಯುತ್ತದೆ, ಅದನ್ನು ದಾಟಿದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಒಪ್ಪಬೇಡಿ.

ಉಳಿದದ್ದು ಒಂದೇ ಪರೀಕ್ಷೆ. ಟಿ-ಶರ್ಟನ್ನು 15 ಸೆಕೆಂಡ್ ಒತ್ತಿ, ತೆಗೆದು, ಬೇರೆ ತಣ್ಣನೆಯ ಮಡಿಕೆಯನ್ನು ಹಾಸಿ, ಮತ್ತೆ ಒತ್ತಿ. ಹೀಗೆ ಬಿಡುವಿಲ್ಲದೆ ಹತ್ತು ಸಲ. ಪ್ರತಿ ಸಲವೂ ಬಿಸಿ ನಾಲ್ಕೈದು ಡಿಗ್ರಿ ಇಳಿದು ಬೇಗನೆ ಮೇಲೇರಿದರೆ ಸರಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ 145ಕ್ಕೆ ಕುಸಿದಿದ್ದರೆ, ರಾತ್ರಿ ಕುಳಿತು 40 ಶರ್ಟು ಮುಗಿಸಬೇಕಾದ ದಿನ ಅದು ನಿಮ್ಮ ಕೈಬಿಡುತ್ತದೆ. ಮಾದರಿ ಯಂತ್ರವನ್ನು ಪರೀಕ್ಷಿಸಲು ಬಿಟ್ಟು ಪೆಟ್ಟಿಗೆಯಲ್ಲಿನ ಬೇರೊಂದನ್ನು ಕೊಡಲು ಬಂದರೆ, ನೀವು ಅಳೆದ ಯಂತ್ರವನ್ನೇ ಕೇಳಿ ಪಡೆಯಿರಿ. ಆನ್‌ಲೈನಿನಲ್ಲಿ ತರಿಸಿದವರು ಮರಳಿಸುವ ಅವಧಿ ಮುಗಿಯುವುದರೊಳಗೆ ಮನೆಯಲ್ಲೇ ಇದೆಲ್ಲವನ್ನೂ ಮಾಡಿ ಮುಗಿಸಬೇಕು. ಅಲ್ಲಿಯವರೆಗೆ ಪೆಟ್ಟಿಗೆ, ಥರ್ಮಕೋಲನ್ನು ಎಸೆಯಬೇಡಿ.

ಹಣ ಮತ್ತು ಬಿಲ್ಲು

ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ, ಅದರಲ್ಲಿ ಯಂತ್ರದ ಕ್ರಮಸಂಖ್ಯೆ ಇರಲಿ. ಖಾತರಿ ಒಂದು ವರ್ಷ ಎಂದಷ್ಟೇ ಹೇಳಿದರೆ ಸಾಲದು, ಕಾಯಿಸುವ ತಟ್ಟೆಗೂ ಅದು ಅನ್ವಯಿಸುತ್ತದೆಯೇ ಎಂದು ಬರೆಸಿಕೊಳ್ಳಿ. ಸಾಲ ಬೇಕಾದವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅವಕಾಶವಿದೆ. ಬ್ಯಾಂಕಿಗೆ ಯಂತ್ರದ ದರಪಟ್ಟಿ ಬೇಕಾಗುವುದರಿಂದ ಅಂಗಡಿಯಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಇಸ್ತ್ರಿ ಪೆಟ್ಟಿಗೆಯಲ್ಲೇ ಕೆಲಸ ಆರಂಭಿಸಿ ಆಮೇಲೆ ಪ್ರೆಸ್ ಕೊಳ್ಳುವೆವು ಎನ್ನುವವರಿಗೆ ನನ್ನ ವಿನಂತಿ, ಮನೆಯವರ ಅಂಗಿಗೆ ಅದು ಆದೀತು, ಹಣ ಪಡೆದು ಕೊಡುವ ಅಂಗಿಗೆ ಬೇಡ.

ಯಂತ್ರ ಮನೆಗೆ ಬಂದ ದಿನ

ಕಿಟಕಿಯ ಬಳಿ, ಅಲುಗದ ಮೇಜಿನ ಮೇಲೆ ಇರಿಸಿ. ಒಂಬತ್ತು ಕಡೆಯ ಬಿಸಿಯನ್ನು ಮತ್ತೊಮ್ಮೆ ಅಳೆದು, ತಟ್ಟೆಯ ಆಕಾರದ ಚೌಕವನ್ನು ಕಾಗದದ ಮೇಲೆ ಬರೆದು, ಆಯಾ ಜಾಗದಲ್ಲಿ ಆಯಾ ಅಂಕಿಯನ್ನು ನಮೂದಿಸಿ ದಿನಾಂಕದೊಂದಿಗೆ ಗೋಡೆಗೆ ಅಂಟಿಸಿ. ಮೊದಲು ಮುದ್ರಿಸಿದ ಬಟ್ಟೆಯನ್ನು ಮಾರದೆ ಐದು ಸಲ ಒಗೆದು ನೋಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆದಾಗ ಯಾವ ಮೂಲೆ ಸೋಲುತ್ತಿದೆ ಎಂಬುದನ್ನು ಗೋಡೆಯ ಮೇಲಿನ ಆ ಕಾಗದವೇ ತೋರಿಸುತ್ತದೆ. ಅಕ್ಷರಗಳನ್ನು ಆ ಮೂಲೆಯಿಂದ ಎರಡು ಇಂಚು ಒಳಗೆ ಇರಿಸಿಕೊಂಡರೆ, ದುರಸ್ತಿಯವರು ಬರುವವರೆಗೂ ಕೆಲಸ ನಿಲ್ಲದೆ ನಡೆಯುತ್ತದೆ.